ಗೋಪುರದವನು ಗಂಟೆ ಹೊಡೆಯದ ಸಂಜೆ

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಹೊಳೆಸಾಲಿನ ಮಠದಲ್ಲಿ ದಾಸೋಹದ ಅಡುಗೆ ನೋಡಿಕೊಳ್ಳುತ್ತಿದ್ದ ಮುರಿಗೆಯ್ಯನವರು. ಅವರಿಗೆ ಹೇಳಿದವರು ಮಠದ ಅಜ್ಜಾವರು. ಅಜ್ಜಾವರು ಲಿಂಗೈಕ್ಯರಾಗಿ ಬಹಳ ಕಾಲವಾಯಿತು. ಮುರಿಗೆಯ್ಯನವರೂ ಈಗಿಲ್ಲ. ಕೇಳಿದ್ದನ್ನು ಕೇಳಿದಂತೆಯೇ ಇಲ್ಲಿ ಬರೆದಿದ್ದೇನೆ.

ಒಂದು ಮಧ್ಯಾಹ್ನ ಮುರಿಗೆಯ್ಯ ಅಜ್ಜಾವರ ಮುಂದೆ ಬಂದು ನಿಂತು ಹೀಗೆ ಕೇಳಿದ:

"ಅಜ್ಜಾರ, ಎಲ್ಲಾರನೂ ಊಟಕ್ಕ ಕರೆಯೋನನ್ನ ಊಟಕ್ಕ ಕರೆಯೋರು ಯಾರ್ರಿ?"

ಅವನ ಕೈಯಲ್ಲಿ ಉಗ್ರಾಣದ ಕೀಲಿ ಗೊಂಚಲಿತ್ತು. ಅದನ್ನು ಅಜ್ಜಾವರ ಪಾದದ ಬಳಿ ಇಟ್ಟು, ಮಠ ಬಿಟ್ಟು ಹೋಗುವುದೆಂದು ನಿಶ್ಚಯಿಸಿಕೊಂಡೇ ಬಂದಿದ್ದ. ಬೆಳಕು ಹರಿಯುವ ಮೊದಲೇ ಒಲೆ ಹಚ್ಚುವವನು ಅವನು. ಅಂಬಲಿ ಕಾಸುವವನು, ರೊಟ್ಟಿ ಬಡಿಯುವ ಹೆಂಗಸರಿಗೆ ಹಿಟ್ಟು ಅಳೆದು ಕೊಡುವವನು ಅವನೇ. ಅಡುಗೆ ಆದಾಗ ಅಂಗಳದ ಬೇವಿನ ಮರಕ್ಕೆ ತೂಗುಹಾಕಿದ ರೈಲು ಹಳಿಯ ತುಂಡನ್ನು ಕಬ್ಬಿಣದ ಸರಳಿನಿಂದ ಬಾರಿಸುವವನೂ ಅವನೇ. ಆ ಸಪ್ಪಳಕ್ಕೆ ಹೊಲದಲ್ಲಿದ್ದವರು ಬರುತ್ತಿದ್ದರು. ದಾರಿಹೋಕರು ಬರುತ್ತಿದ್ದರು. ಶಾಲೆಯ ಮಕ್ಕಳು ತಟ್ಟೆ ಬಡಿಯುತ್ತ ಓಡಿ ಬರುತ್ತಿದ್ದರು. ಎಲ್ಲರೂ ಪಂಕ್ತಿಯಲ್ಲಿ ಕೂರುತ್ತಿದ್ದರು. ಮುರಿಗೆಯ್ಯ ಬಡಿಸುತ್ತಿದ್ದ. ಅವರು ಎದ್ದ ಮೇಲೆ ಪಾತ್ರೆಗೆ ಕೈ ಹಾಕುತ್ತಿದ್ದ. ಪಾತ್ರೆ ಮುಗಿಯುವ ಹೊತ್ತಿಗೆ ಹಸಿವೆ ಸತ್ತಿರುತ್ತಿತ್ತು. ತಳ ಹಿಡಿದ ಅನ್ನವನ್ನು ನಿಂತಲ್ಲೇ ನಾಲ್ಕು ತುತ್ತು ತಿಂದರೆ ತಿಂದ, ಇಲ್ಲದಿದ್ದರೆ ಅದೂ ಇಲ್ಲ.

ಅಜ್ಜಾವರು ಕೀಲಿ ಗೊಂಚಲನ್ನು ನೋಡಿದರು. ಅವನ ಮುಖವನ್ನೂ ನೋಡಿದರು.

"ಉಂಡಿಯೇನಪಾ?" ಎಂದು ಕೇಳಿದರು.

"ಅದು ಆಗ್ತದ ಬಿಡ್ರಿ ಅಜ್ಜಾರ. ನಾ ಕೇಳಿದ್ದಕ್ಕ ಹೇಳ್ರಿ. ಸಾಕಾಗೇದ ನನಗ."

"ಕೂಡು."

ಮುರಿಗೆಯ್ಯ ಕಂಬಕ್ಕೆ ಒರಗಿ ಕೂತ. ಅಜ್ಜಾವರು ತಮ್ಮ ಮಂಡಿಯನ್ನು ಮೆಲ್ಲಗೆ ನೀವಿಕೊಂಡು ಹೇಳತೊಡಗಿದರು.

"ಹಿಂದೊಮ್ಮೆ ಭಕ್ತನೊಬ್ಬ ಒತ್ತಾಯ ಮಾಡಿ ನನ್ನನ್ನು ಕಡಲಾಚೆ ಯುರೋಪಿಗೆ ಕರೆದುಕೊಂಡು ಹೋಗಿದ್ದ, ನಿನಗೆ ಗೊತ್ತಲ್ಲ. ಅಲ್ಲಿ ಒಂದು ಹಳೆಯ ಪಟ್ಟಣ. ಪಟ್ಟಣದ ನಡುವೆ ಕಲ್ಲಿನ ಗಡಿಯಾರ ಗೋಪುರ. ರಾಜರ ಕಾಲದ್ದು. ಅದನ್ನು ನೋಡಲೇಬೇಕು ಎಂದ ಅವನು. ಒಳಗಿನ ಮೆಟ್ಟಿಲು ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತಿಕೊಂಡು ಏರುತ್ತದೆ. ಅರ್ಧ ಏರುವಷ್ಟರಲ್ಲಿ ನನ್ನ ಮಂಡಿ ನಿಂತುಹೋಯಿತು. ಮೆಟ್ಟಿಲ ಮೇಲೆಯೇ ಕೂತೆ. ಗೋಪುರ ತೋರಿಸಲು ಬಂದಿದ್ದ ಹೆಣ್ಣುಮಗಳೂ ನನ್ನ ಕೆಳಗಿನ ಮೆಟ್ಟಿಲಲ್ಲಿ ಕೂತಳು. ಬಂದವರಿಗೆಲ್ಲ ತೋರಿಸಲು ದಿನವೂ ಹತ್ತಿ ಇಳಿದು ಅವಳಿಗೂ ಸಾಕಾಗಿತ್ತು. ಕೂತಲ್ಲಿಯೇ ಅವಳೊಂದು ಕತೆ ಹೇಳಿದಳು. ಭಕ್ತ ಅದನ್ನು ನನಗೆ ಕನ್ನಡದಲ್ಲಿ ತಿಳಿಸಿದ. ಅದನ್ನೇ ಹೇಳುತ್ತೇನೆ, ಕೇಳು."

ಅಜ್ಜಾವರು ಹೇಳಿದ ಕತೆ ಇದು.

ಆ ಪಟ್ಟಣ ನೇಕಾರರದು. ಓಣಿ ಓಣಿಗೂ ಹತ್ತಾರು ಮಂದಿ ಒಂದೇ ಸೂರಿನಡಿ ಕೂತು ನೇಯುವ ಮಗ್ಗದ ಸಾಲೆಗಳು. ಒಂದೊಂದು ಸಾಲೆಗೆ ಒಬ್ಬ ಯಜಮಾನ. ಗೋಪುರದ ಗಡಿಯಾರಕ್ಕೆ ಆ ಕಾಲದಲ್ಲಿ ಮುಖವಿರಲಿಲ್ಲ, ಮುಳ್ಳೂ ಇರಲಿಲ್ಲ. ದನಿ ಮಾತ್ರ ಇತ್ತು. ಹಗ್ಗಕ್ಕೆ ಕಟ್ಟಿದ ದೊಡ್ಡ ಕಲ್ಲೊಂದು ತನ್ನ ಭಾರಕ್ಕೆ ತಾನೇ ಮೆಲ್ಲಗೆ ಕೆಳಗಿಳಿಯುತ್ತಿತ್ತು. ಕಲ್ಲು ಇಳಿದಂತೆ ಗಾಲಿಗಳು ತಿರುಗುತ್ತಿದ್ದವು. ಹೊತ್ತಾದಾಗ ಗಾಲಿಯೊಂದು ಒಳಗಿದ್ದ ಸಣ್ಣ ಗಂಟೆಯನ್ನು ತಟ್ಟುತ್ತಿತ್ತು. ಆ ಸಣ್ಣ ಗಂಟೆ ಮೇಲೆ ಕೂತು ಗಡಿಯಾರ ನೋಡಿಕೊಳ್ಳುತ್ತಿದ್ದ ಗೋಪುರದವನಿಗೆ ಮಾತ್ರ ಕೇಳುತ್ತಿತ್ತು. ಅವನು ಎದ್ದು ದೊಡ್ಡ ಗಂಟೆಯ ಹಗ್ಗ ಎಳೆಯುತ್ತಿದ್ದ. ಅದು ಊರಿಗೆಲ್ಲ ಕೇಳುತ್ತಿತ್ತು.

ಬೆಳಗಿನ ಗಂಟೆಗೆ ನೇಕಾರರು ಮಗ್ಗಕ್ಕೆ ಕೂರಬೇಕು. ಸಂಜೆಯ ಗಂಟೆಗೆ ಏಳಬೇಕು. ಅದಕ್ಕೆ ಮೊದಲು ಎದ್ದವನಿಗೆ ಮರುದಿನ ಸಾಲೆಯಲ್ಲಿ ಜಾಗವಿಲ್ಲ. ಅದಾದ ಮೇಲೆ ನೇಯ್ದವನ ಬಟ್ಟೆಯನ್ನು ಸಂತೆಯ ನಡುವೆ ಎಲ್ಲರೆದುರು ಹರಿದು ಹಾಕುತ್ತಿದ್ದರು. ಊರಿನ ಹಿರಿಯರು ಮಾಡಿದ ಕಟ್ಟಳೆ ಅದು. ಅದನ್ನು ಗೋಪುರದ ಬಾಗಿಲ ಮೇಲಿನ ಕಲ್ಲಿನಲ್ಲಿ ಕೆತ್ತಿಸಿದ್ದರು: ಸಂಜೆಯ ಗಂಟೆ ಹೊಡೆದ ಮೇಲೆ ಈ ಕೋಟೆಯೊಳಗೆ ಯಾವ ಕೈಯೂ ದುಡಿಯಕೂಡದು.

ಗೋಪುರದವನು ಆ ಬರಹದ ಕೆಳಗೇ ನಿತ್ಯ ತಲೆ ಬಾಗಿಸಿ ಒಳಗೆ ಹೋಗುತ್ತಿದ್ದ.

ಅವನ ಹೆಂಡತಿ ಗೋಪುರದ ಹಿಂದಿನ ಓಣಿಯ ಸಾಲೆಯಲ್ಲಿ ನೇಯುತ್ತಿದ್ದಳು. ಸಂಜೆಯ ಗಂಟೆಗೆ ಅವಳು ಎದ್ದು ಮನೆಗೆ ಹೋಗುತ್ತಿದ್ದಳು. ಅವನು ಹೋಗುತ್ತಿರಲಿಲ್ಲ. ಗಂಟೆ ಹೊಡೆದ ಮೇಲೆ ರಾಟೆಯ ಹಿಡಿ ಹಿಡಿದು ಆ ದೊಡ್ಡ ಕಲ್ಲನ್ನು ಮತ್ತೆ ಮೇಲಕ್ಕೆ ಏರಿಸಬೇಕು. ಗಾಲಿಗೆ ಎಣ್ಣೆ ಬಿಡಬೇಕು. ಹಗ್ಗದ ಎಳೆ ಸವೆದಿದೆಯೇ ಎಂದು ಕೈಯಾಡಿಸಿ ನೋಡಬೇಕು. ಅವನು ಮನೆ ಸೇರುವ ಹೊತ್ತಿಗೆ ಹೆಂಡತಿ ಉಂಡು, ಅವನ ಪಾಲಿನದನ್ನು ಮುಚ್ಚಿಟ್ಟು, ನಿದ್ದೆ ಹೋಗಿರುತ್ತಿದ್ದಳು. ಇಬ್ಬರೂ ಎದುರುಬದುರು ಕೂತು ಉಂಡದ್ದು ಯಾವಾಗ ಎಂದು ಇಬ್ಬರಿಗೂ ನೆನಪಿರಲಿಲ್ಲ.

ಬೇಸಿಗೆಯ ಒಂದು ದಿನ. ಬೆಳಗ್ಗೆ ಅವನು ಹೊರಡುವಾಗ ಹೆಂಡತಿ ಸೊಂಟ ಹಿಡಿದುಕೊಂಡು ಬಾಗಿಲಿಗೆ ಬಂದಳು.

"ಇವತ್ತ ಸೊಂಟ ಭಾಳ ಹಿಡದದರಿ. ಸಂಜಿ ಗಂಟಿ ತುಸು ಲಗೂನ ಹೊಡೀರಲ್ಲ."

ಅವನು ನಕ್ಕ. "ಹೊಡೆಸೋದು ಕಲ್ಲು. ನನ್ನ ಕೈಯಾಗ ಏನದ?"

"ಹಂಗಾದ್ರ ಕಲ್ಲಿಗೆ ಹೇಳ್ರಿ. ನನಗಿಂತ ಅದರ ಸಂಗಾಟೇ ನಿಮ್ಮ ಸಂಸಾರ ಹೆಚ್ಚು."

ಅವನು ಇನ್ನೊಮ್ಮೆ ನಕ್ಕು ಹೊರಟ. ಆದರೆ ಮೆಟ್ಟಿಲು ಹತ್ತುವಾಗ ಆ ಮಾತು ಅವನ ಜೊತೆಯಲ್ಲೇ ಹತ್ತಿತು.

ಅದೇ ದಿನ ಮಧ್ಯಾಹ್ನ ಒಬ್ಬ ವ್ಯಾಪಾರಿ ಗೋಪುರ ನೋಡಲು ಬಂದ. ಬಟ್ಟೆ ಕೊಳ್ಳಲು ದೂರದ ತೆಂಕಣ ಸೀಮೆಯಿಂದ ಆ ಪಟ್ಟಣಕ್ಕೆ ಬಂದಿದ್ದವನು ಅವನು. ಏದುಸಿರು ಬಿಡುತ್ತ ಮೇಲೆ ಬಂದು, ಗಾಲಿಗಳನ್ನು ನೋಡಿದ, ಹಗ್ಗ ನೋಡಿದ, ತೂಗುತ್ತಿದ್ದ ಕಲ್ಲನ್ನು ನೋಡಿದ. ಕಡೆಗೆ ಗೋಪುರದವನನ್ನು ನೋಡಿದ.

"ಹಗ್ಗಕ್ಕ ಕಲ್ಲು ಕಟ್ಯಾರ, ಕಲ್ಲಿಗೆ ನಿನ್ನ ಕಟ್ಯಾರ," ಎಂದ. "ನೀ ಯಾವಾಗ ಮಲಗ್ತಿ?"

"ಕಲ್ಲು ಬಿಟ್ಟಾಗ."

"ನಮ್ಮ ಊರಾಗ ಗೋಪುರನೂ ಇಲ್ಲ, ಗಂಟಿನೂ ಇಲ್ಲ. ಕತ್ತಲಾತು ಅಂದ್ರ ಮಂದಿ ಮನೀಗೆ ಹೋಗ್ತಾರ. ಒಂದು ಸಂಜಿ ನೀ ಗಂಟಿ ಹೊಡೀಲಿಲ್ಲ ಅಂದ್ರ ಸೂರ್ಯ ಮುಳುಗದಽ ಕುಂದರ್ತಾನೇನು?"

ವ್ಯಾಪಾರಿ ಕಿಂಡಿಯಿಂದ ಊರನ್ನು ಒಮ್ಮೆ ನೋಡಿ, ಚೆಂದ ಇದೆ ಎಂದು ಹೇಳಿ, ಗೋಡೆ ಹಿಡಿದುಕೊಂಡು ಇಳಿದುಹೋದ.

ಗೋಪುರದವನು ಅಲ್ಲಿಯೇ ಕೂತು ಯೋಚಿಸಿದ. ಆ ಮನುಷ್ಯ ಹೇಳಿದ್ದರಲ್ಲಿ ಸುಳ್ಳೇನಿದೆ? ಊರಿನವರಿಗೆ ಕಣ್ಣಿಲ್ಲವೇ? ಹೊತ್ತು ಮುಳುಗಿದ್ದು ಅವರಿಗೆ ಕಾಣುವುದಿಲ್ಲವೇ? ಒಂದು ದಿನ ತಾವಾಗಿಯೇ ಎದ್ದು ಹೋಗಲಿ. ಹಿಂದಿನ ಸಂಜೆ ದಣಿವಿಗೆ ಕಲ್ಲನ್ನು ಪೂರ್ತಿ ಏರಿಸದೆ ಬಿಟ್ಟಿದ್ದ; ಹೀಗೆ ಯೋಚಿಸುತ್ತಿರುವಾಗ ಅದು ನೆಲದ ಹತ್ತಿರ ಬಂದಿತ್ತು. ಏರಿಸದೆ ಬಿಟ್ಟರೆ ಸಂಜೆಗೆ ಮೊದಲೇ ನೆಲ ಮುಟ್ಟಿ ಗಾಲಿ ನಿಲ್ಲುತ್ತದೆ ಎಂದು ಅವನಿಗೆ ಗೊತ್ತಿತ್ತು. ಅವನ ಕೈ ರಾಟೆಯ ಹಿಡಿಯವರೆಗೆ ಹೋಯಿತು. ಅಲ್ಲಿಂದ ಹಿಂದಕ್ಕೆ ಬಂತು.

ಕಲ್ಲು ನೆಲ ಮುಟ್ಟಿತು. ಗಾಲಿಗಳು ನಿಂತವು. ಅವನು ಗೋಣಿ ಹಾಸಿಕೊಂಡು ಮಲಗಿದ. ಎಷ್ಟೋ ವರ್ಷಗಳ ನಿದ್ದೆ ಒಟ್ಟಿಗೇ ಬಂದು ಅವನ ಮೇಲೆ ಬಿತ್ತು.

ಇಲ್ಲಿ ಮುರಿಗೆಯ್ಯ ಬಾಯಿ ಹಾಕಿದ. "ಚಲೋ ಮಾಡಿದ ಬಿಡ್ರಿ," ಎಂದ.

ಅಜ್ಜಾವರು ಅವನ ಕಡೆ ನೋಡದೆ ಕತೆ ಮುಂದುವರಿಸಿದರು.

ಎಚ್ಚರವಾದಾಗ ಕಿಂಡಿಯಲ್ಲಿ ಇನ್ನೂ ಬೆಳಕಿತ್ತು. ತಾನು ಮಲಗಿದ್ದು ಸ್ವಲ್ಪ ಹೊತ್ತು ಮಾತ್ರ ಎಂದುಕೊಂಡ. ಆದರೆ ಮೈ ಬೇರೆ ಹೇಳುತ್ತಿತ್ತು. ಮೈಯಲ್ಲಿ ನೋವಿರಲಿಲ್ಲ, ಕಣ್ಣಿನಲ್ಲಿ ಉರಿಯಿರಲಿಲ್ಲ, ಹೊಟ್ಟೆ ಹಸಿದಿತ್ತು. ಆಗ ಅವನಿಗೆ ನೆನಪಾಯಿತು. ಅದು ಬಡಗಣ ಸೀಮೆ, ಉತ್ತರಕ್ಕೆ ಬಹು ದೂರ. ಬೇಸಿಗೆಯಲ್ಲಿ ಅಲ್ಲಿ ಹಗಲು ಮುಗಿಯುವುದೇ ಇಲ್ಲ. ನಾವು ಉಂಡು ಮಲಗುವ ಹೊತ್ತಿನಲ್ಲೂ ಅಲ್ಲಿ ಬೆಳಕು ಹಾಗೆಯೇ ನಿಂತಿರುತ್ತದೆ. ಕತ್ತಲಾದರೆ ಮನೆಗೆ ಹೋಗುತ್ತಾರೆ ಎಂದದ್ದು ತೆಂಕಣದ ವ್ಯಾಪಾರಿ. ಆ ಊರಲ್ಲಿಯೇ ಹುಟ್ಟಿ, ಹೊತ್ತು ಅಳೆದು ಕೊಡುವುದನ್ನೇ ಬದುಕಾಗಿ ಮಾಡಿಕೊಂಡವನು ಅದನ್ನು ಹೌದೆಂದು ನಂಬಿದ್ದ. ದಣಿದವನಿಗೆ ಬೇಕಾದ ಮಾತನ್ನು ಯಾರು ಹೇಳಿದರೂ ನಿಜವೆನಿಸುತ್ತದೆ.

ಅವನು ಅವಸರದಿಂದ ಇಳಿದು ಮನೆಗೆ ಹೋದ. ಬಾಗಿಲು ಹಾಕಿತ್ತು. ತೆರೆದು ಒಳಗೆ ಹೋದರೆ ಒಲೆ ತಣ್ಣಗಿತ್ತು. ಮುಚ್ಚಿಟ್ಟ ಊಟವಿರಲಿಲ್ಲ.

ಹೊರಗೆ ಬಂದು ನಿಂತಾಗ ಓಣಿಯ ತುಂಬ ಸಪ್ಪಳ ಕೇಳಿಸಿತು. ಮಗ್ಗಗಳ ಸಪ್ಪಳ.

ಅವನು ಸಾಲೆಯ ಬಾಗಿಲಿಗೆ ಓಡಿದ. ಒಳಗೆ ಎಲ್ಲರೂ ಮಗ್ಗದಲ್ಲಿಯೇ ಇದ್ದರು. ಯಾರೂ ತಲೆ ಎತ್ತಲಿಲ್ಲ. ಒಬ್ಬ ಮುದುಕನ ಕಣ್ಣುಗಳು ಮುಚ್ಚಿದ್ದವು, ಕೈ ಮಾತ್ರ ಲಾಳಿ ಎಸೆಯುತ್ತಿತ್ತು. ಒಬ್ಬಳು ಬಾಣಂತಿ ಹಾಲು ತುಂಬಿ ತೋಯ್ದ ಕುಪ್ಪಸದ ಮೇಲೆ ಸೆರಗಿನಂತೆ ಬಟ್ಟೆ ಹೊದ್ದು ನೇಯುತ್ತಿದ್ದಳು. ಮೂಲೆಯಲ್ಲಿ ಅವನ ಹೆಂಡತಿ. ಒಂದು ಕೈ ಸೊಂಟದ ಮೇಲೆ, ಒಂದು ಕೈ ಮಗ್ಗದ ಮೇಲೆ. ಅವಳ ಮುಖ ನೂಲಿನಂತೆ ಬೆಳ್ಳಗಾಗಿತ್ತು.

ಅವಳು ಗಂಡನನ್ನು ನೋಡಿ ಗಾಬರಿಯಾದಳು.

"ಅಯ್ಯ, ನೀವ್ಯಾಕ ಕೆಳಗ ಬಂದೀರಿ? ಗಂಟಿ ಇನ್ನೂ ಆಗಿಲ್ಲಲ್ಲ!"

ಅವನು ಸಾಲೆಯ ನಡುವೆ ನಿಂತು ಕೂಗಿ ಹೇಳಿದ. "ಏಳ್ರಿ, ಎಲ್ಲಾರೂ ಏಳ್ರಿ. ಹೊತ್ತು ಎಂದೋ ಮೀರೇದ. ಮನೀಗೆ ನಡೀರಿ."

ಯಾರೂ ಏಳಲಿಲ್ಲ. ಅವನ ಮಾತು ನಂಬಿ ಎದ್ದು, ಹೊತ್ತಾಗಿಲ್ಲವೆಂದು ಗೊತ್ತಾದರೆ ನಾಳೆ ಸಾಲೆಯಲ್ಲಿ ಜಾಗವಿಲ್ಲ. ಕಣ್ಣು ಮುಚ್ಚಿದ್ದ ಮುದುಕ ಕಣ್ಣು ತೆರೆಯದೆಯೇ ಕೇಳಿದ. "ನಿನ್ನ ಬಾಯಿ ಯಾವಾಗ ಗಂಟಿ ಆತಪಾ?"

ಒಂದಿಬ್ಬರು ನಕ್ಕರು. ನಗುವುದಕ್ಕೂ ಅವರಲ್ಲಿ ತ್ರಾಣವಿರಲಿಲ್ಲ.

ಅವನು ಸಾಲೆಯ ಯಜಮಾನನ ಕಡೆ ತಿರುಗಿದ. ಯಜಮಾನನೂ ಗೋಡೆಗೆ ಒರಗಿ ಜೋಲಿ ಹೊಡೆಯುತ್ತಿದ್ದ. "ನನ್ನ ಕಡೆ ಏನ್ ನೋಡ್ತಿ?" ಎಂದ. "ನನ್ನ ಮನಿಯಾಗೂ ಹಾದಿ ಕಾಯಾಕತ್ತಾರ. ಗಂಟಿ ಇಲ್ಲದ ನಾ ಹೆಂಗ ಬಿಡ್ಲಿ? ಪಕ್ಕದ ಸಾಲಿಯವ ನೋಡಿ, ನಾನಽ ಕಟ್ಟಳೆ ಮುರದೆ ಅಂತಾನ. ಅವನೂ ಹಿಂಗಽ ನನ್ನ ನೋಡ್ಕೋತ ಕುಂತಿರಬೇಕು."

ಗೋಪುರದವನು ಹಿಂತಿರುಗಿ ಓಡಿದ. ಆ ಮೆಟ್ಟಿಲುಗಳನ್ನು ಅವನು ಎಷ್ಟು ಸಲ ಏರಿದ್ದನೋ. ಆ ಸಂಜೆ ಏರಿದಷ್ಟು ಕಷ್ಟದಿಂದ ಎಂದೂ ಏರಿರಲಿಲ್ಲ. ಕಡೆಯ ಮೆಟ್ಟಿಲುಗಳನ್ನು ಕೈಯೂರಿ ಹತ್ತಿದ. ಸಣ್ಣ ಗಂಟೆಗೆ ಕಾಯಲಿಲ್ಲ. ಅದು ಆಗುವಂತೆಯೂ ಇರಲಿಲ್ಲ. ದೊಡ್ಡ ಗಂಟೆಯ ಹಗ್ಗಕ್ಕೆ ಜೋತುಬಿದ್ದು ಎಳೆದ.

ಗಂಟೆ ಮೊಳಗಿತು.

ಕೆಳಗೆ ಒಂದು ಮಗ್ಗ ನಿಂತಿತು. ಆಮೇಲೆ ಇನ್ನೊಂದು. ಆಮೇಲೆ ಓಣಿಗೆ ಓಣಿಯೇ ನಿಂತಿತು. ಸಾಲೆಯ ಬಾಗಿಲುಗಳು ತೆರೆದವು. ಜನ ಒಬ್ಬರನ್ನೊಬ್ಬರು ಹಿಡಿದುಕೊಂಡು ಹೊರಬಂದರು. ಬಾಣಂತಿ ಮನೆಯ ಕಡೆ ಓಡಿದಳು. ಬೈಯಲು ಯಾರಿಗೂ ಶಕ್ತಿಯಿರಲಿಲ್ಲ. ಬೈಗುಳ ನಾಳೆಗೆ ಉಳಿಯಿತು.

ಅವನ ಹೆಂಡತಿ ಮನೆಗೆ ಹೋಗಲಿಲ್ಲ. ಗೋಪುರದ ಬಾಗಿಲಿಗೆ ಬಂದು ಮೇಲಕ್ಕೆ ಕೂಗಿದಳು.

"ಬರ್ತೀರೇನು? ಕೂಡಿ ಹೋಗೂಣು."

ಅವನು ಹಗ್ಗ ಬಿಟ್ಟು ಆಗಲೇ ರಾಟೆಯ ಹಿಡಿಗೆ ಕೈ ಹಾಕಿದ್ದ. ಕಲ್ಲು ನೆಲದ ಮೇಲೆ ಕೂತಿತ್ತು. "ಕಲ್ಲು ಏರಿಸಿ ಬರ್ತೀನಿ," ಎಂದು ಕೂಗಿದ. "ನೀ ನಡಿ."

ಅವಳು ನಡೆಯಲಿಲ್ಲ. ಸೊಂಟ ಹಿಡಿದುಕೊಂಡು ಹೊಸ್ತಿಲ ಮೇಲೆ ಕೂತಳು. ಅವಳ ತಲೆಯ ಮೇಲೆ ಕಲ್ಲಿನ ಬರಹವಿತ್ತು. ಮೇಲೆ ರಾಟೆ ಕಿರುಗುಟ್ಟುತ್ತ ತಿರುಗುತ್ತಲೇ ಇತ್ತು. ಅವನು ಕಲ್ಲು ಏರಿಸಿದ. ಗಾಲಿಗೆ ಎಣ್ಣೆ ಬಿಟ್ಟ. ಹಗ್ಗ ನೋಡಿದ. ಎಲ್ಲ ಮುಗಿಸಿ ಇಳಿದು ಬಂದಾಗ ಅವಳು ಬಾಗಿಲ ಚೌಕಟ್ಟಿಗೆ ಒರಗಿ ನಿದ್ದೆ ಹೋಗಿದ್ದಳು. ಅವಳ ಮಡಿಲಲ್ಲಿ ಒಂದು ರೊಟ್ಟಿ ಇತ್ತು. ದಾರಿಯಲ್ಲಿ ಯಾರೋ ಕೊಟ್ಟದ್ದು. ಅದನ್ನು ಎರಡು ಮಾಡಿ ಇಟ್ಟುಕೊಂಡಿದ್ದಳು. ತನ್ನ ಪಾಲನ್ನೂ ತಿಂದಿರಲಿಲ್ಲ.

ಅಜ್ಜಾವರು ಇಲ್ಲಿಗೆ ನಿಲ್ಲಿಸಿದರು.

ಮುರಿಗೆಯ್ಯ ಕಂಬ ಬಿಟ್ಟು ನೆಟ್ಟಗೆ ಕೂತ.

"ತಿಳೀತ್ರಿ ಅಜ್ಜಾರ," ಎಂದ ಮುರಿಗೆಯ್ಯ. ಅವನ ದನಿಯಲ್ಲಿ ಸಿಟ್ಟಿತ್ತು. "ಗಂಟಿ ಹೊಡೆಯೋನು ದಣಿಬಾರದು. ದಣಿದ್ರ ಊರು ಕೆಡ್ತದ. ಅದಕ್ಕ ಕೀಲಿ ತಗೊಂಡು ಸುಮ್ಮನ ಒಲೀ ಮುಂದ ಹೋಗು ಅಂತೀರಿ. ಅಷ್ಟಽ ಅಲ್ಲರಿ?"

"ನಾನು ಹಾಗೆ ಹೇಳಲಿಲ್ಲ," ಎಂದರು ಅಜ್ಜಾವರು. "ಅವನು ದಣಿದದ್ದು ತಪ್ಪಲ್ಲ. ಮಲಗಿದ್ದೂ ನನಗೆ ದೊಡ್ಡ ತಪ್ಪಾಗಿ ಕಾಣುವುದಿಲ್ಲ."

"ಮತ್ತ?"

"ಆ ಕಲ್ಲನ್ನು ಸಂಜೆಯ ಗಂಟೆ ಆದ ಮೇಲೆಯೇ ಏರಿಸಬೇಕು ಎಂದು ಯಾರೂ ಹೇಳಿರಲಿಲ್ಲ. ಮಧ್ಯಾಹ್ನ ಏರಿಸಬಹುದಿತ್ತು. ಗಂಟೆಗೆ ಮೊದಲು ಏರಿಸಬಹುದಿತ್ತು. ಅವನಿಗಿಂತ ಹಿಂದಿದ್ದವನು ಗಂಟೆ ಹೊಡೆದ ಮೇಲೆ ಏರಿಸುತ್ತಿದ್ದ, ಇವನೂ ಹಾಗೆಯೇ ಮಾಡಿದ. ಅಷ್ಟೇ."

ಮುರಿಗೆಯ್ಯ ಕೇಳಿದ. "ಬಾಗಲದ ಮ್ಯಾಲಿನ ಬರಹ ಓದಾಕ ಅವಗ ಬರ್ತಿರಲಿಲ್ಲೇನ್ರಿ?"

"ಬರುತ್ತಿತ್ತು. ಯಾವ ಕೈಯೂ ಎಂದು ಬರೆದಿತ್ತು. ತನ್ನ ಕೈಯೊಂದನ್ನು ಬಿಟ್ಟು ಓದಿಕೊಳ್ಳುತ್ತಿದ್ದ."

ಅಂಗಳದಲ್ಲಿ ಉಂಡವರು ಎದ್ದು ಹೋಗಿದ್ದರು. ಬೇವಿನ ಮರದ ಕೆಳಗೆ ತೊಳೆಯದ ಪಾತ್ರೆಗಳಿದ್ದವು. ಹಳಿಯ ತುಂಡು ಗಾಳಿಗೆ ಅಲುಗಾಡದೆ ಜೋತುಬಿದ್ದಿತ್ತು. ಅಜ್ಜಾವರು ತಮ್ಮ ಹಿಂದೆ ಕೈ ಚಾಚಿ, ಬಾಳೆಲೆ ಮುಚ್ಚಿದ್ದ ತಟ್ಟೆಯೊಂದನ್ನು ಮುಂದಕ್ಕೆ ಸರಿಸಿದರು. ಎರಡು ರೊಟ್ಟಿ, ಪಲ್ಯ, ಒಂದಿಷ್ಟು ಸಿಹಿ ಸಜ್ಜಕ. ಅವರ ಪಾಲಿನದು. ಅವರೂ ಅದನ್ನು ಮುಟ್ಟಿರಲಿಲ್ಲ. ಪಂಕ್ತಿಯಲ್ಲಿ ಒಬ್ಬ ಇನ್ನೂ ಕೂತಿಲ್ಲವೆಂದು ಕಾದಿದ್ದರು.

"ಮುರಿಗೆಯ್ಯಾ," ಎಂದರು, "ಇವತ್ತು ಮಧ್ಯಾಹ್ನ ನೀನು ಹೊಡೆದ ಗಂಟೆ ನಿನಗೆ ಕೇಳಿಸಿತೇ?"

ಮುರಿಗೆಯ್ಯ ಕೀಲಿ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿ, ತಟ್ಟೆಯ ಬಳಿಗೆ ಸರಿದು ಕೂತ.

ನನಗೆ ಹೇಳುವಾಗಲೂ ಮುರಿಗೆಯ್ಯನವರು ಇಲ್ಲಿಗೇ ನಿಲ್ಲಿಸಿದರು. ಓದಿದವರು ಇದನ್ನು ಇನ್ನೊಬ್ಬರಿಗೆ ಹೇಳಬೇಕು. ನಿಮ್ಮ ಮನೆಯಲ್ಲಿ ಕಡೆಗೆ ಉಣ್ಣುವವರು ಯಾರೋ, ಮೊದಲು ಅವರಿಗೆ ಹೇಳಿ; ಹೇಳುವ ಮುನ್ನ ಅವರ ಮುಂದೆ ಒಂದು ತಟ್ಟೆ ಇಡಿ.